ನ್ಯೂಯೋರಿಕನ್ ಸೋಲ್: ಇಬ್ಬರು ಹೌಸ್ ಸಂಗೀತ ನಿರ್ಮಾಪಕರು ಮತ್ತು ಒಂದು ವಲಸೆ ಬಡಾವಣೆಯ ಚರಿತ್ರೆ

  ಧ್ವನಿ ಕೇಳಿಸ್ತಾ ಉಂಟು ಅಂತ ಚಾಟ್‌ನಲ್ಲಿ ಕೆಲವರು ಬರೆದಿದ್ದೀರಿ, ಹಾಗಾಗಿ ಶುರು ಮಾಡ್ತೇನೆ.

ಈ ಸರಣಿಯಲ್ಲಿ ಬಂದ ಪ್ರಬಂಧಗಳೆಲ್ಲ ಗಡಿಯಾಚೆಯ ಕನ್ನಡದ ಬಗ್ಗೆಯೇ ಇದ್ದವು. ನಾನು ತಂದಿರುವುದು ದೂರದ ವಿಷಯ: ನ್ಯೂಯಾರ್ಕ್ ನಗರದ ಇಬ್ಬರು ಸಂಗೀತ ನಿರ್ಮಾಪಕರು, ಲೂಯಿ ವೇಗಾ ಮತ್ತು ಕೆನ್ನಿ ‘ಡೋಪ್’ ಗೊನ್ಸಾಲೆಸ್. ಇಬ್ಬರೂ ಸೇರಿ ಬಳಸುವ ಹೆಸರು ‘ಮಾಸ್ಟರ್ಸ್ ಅಟ್ ವರ್ಕ್’. ಅವರು ಮಾಡಿದ್ದು ಹೌಸ್ ಸಂಗೀತ, ಅಂದರೆ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಕುಣಿಯಲಿಕ್ಕೆ ಮಾಡಿದ ಸಂಗೀತ. ಕನ್ನಡ ಎಂ.ಎ. ವಿದ್ಯಾರ್ಥಿಗೆ ಇದರಲ್ಲಿ ಏನು ಕೆಲಸ ಅಂತ ನೀವು ಕೇಳಬಹುದು. ತೌಲನಿಕ ಸಾಹಿತ್ಯದ ಪತ್ರಿಕೆಗಾಗಿ ನ್ಯೂಯೋರಿಕನ್ ಕವಿಗಳನ್ನು ಓದುತ್ತಿದ್ದಾಗ ಅದೇ ಪದ ಒಂದು ರೆಕಾರ್ಡಿನ ಹೆಸರಿನಲ್ಲೂ ಸಿಕ್ಕಿತು. ಕಾವ್ಯದಿಂದ ಸಂಗೀತಕ್ಕೆ ಹೋದದ್ದು ಹೀಗೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಈ ಜೋಡಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಲ್ಯಾಟಿನ್ ಮತ್ತು ಸೋಲ್ ಸಂಗೀತವನ್ನು ಹೌಸ್ ಜೊತೆ ಬೆರೆಸಿದರು’ ಎನ್ನುತ್ತಾರೆ. ‘ಬೆರೆಸಿದರು’ ಎನ್ನುವ ಕ್ರಿಯಾಪದದ ಬಗ್ಗೆ ನನಗೆ ಅನುಮಾನ ಉಂಟು. ಅವರು ಹುಟ್ಟುವ ಹೊತ್ತಿಗೇ ಆ ಸಂಗೀತಗಳು ಅವರ ಬೀದಿಯಲ್ಲಿ ಕೂಡಿ ಬಾಳುತ್ತಿದ್ದವು. ಮಾಸ್ಟರ್ಸ್ ಅಟ್ ವರ್ಕ್ ಮಾಡಿದ ದೊಡ್ಡ ಕೆಲಸವೆಂದರೆ ಆ ಕೂಡುಬಾಳಿನ ಹಿರಿಯರನ್ನು ಹೆಸರಿಟ್ಟು ಕರೆದು, ಮತ್ತೆ ನುಡಿಸಿ, ದಾಖಲಿಸಿದ್ದು. ಅದನ್ನು ಚರಿತ್ರೆ ಬರೆಯುವ ಒಂದು ಬಗೆ ಅಂತ ನಾನು ಓದುತ್ತೇನೆ.

1. ಒಂದು ಬೈಗುಳದ ಚರಿತ್ರೆ

ಕ್ಯಾರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪ ನಾಲ್ಕು ಶತಮಾನಗಳ ಕಾಲ ಸ್ಪೇನಿನ ವಸಾಹತಾಗಿತ್ತು. 1898ರ ಯುದ್ಧದಲ್ಲಿ ಸ್ಪೇನ್ ಸೋತಿತು, ದ್ವೀಪ ಅಮೆರಿಕದ ಕೈಗೆ ಹೋಯಿತು. ಜನ ಇದ್ದಲ್ಲೇ ಇದ್ದರು, ಬಾವುಟ ಬದಲಾಯಿತು. 1917ರ ಜೋನ್ಸ್ ಕಾಯ್ದೆ ಅಲ್ಲಿಯವರಿಗೆ ಅಮೆರಿಕದ ಪೌರತ್ವ ಕೊಟ್ಟಿತು. ಎರಡನೇ ಮಹಾಯುದ್ಧದ ನಂತರ ದ್ವೀಪದಲ್ಲಿ ಕೃಷಿಯನ್ನು ಹಿಂದಕ್ಕೆ ಸರಿಸಿ ಕಾರ್ಖಾನೆಗಳನ್ನು ತರುವ ನೀತಿ ಬಂತು. ಹೊಲ ಬಿಟ್ಟವರಿಗೆಲ್ಲ ಕಾರ್ಖಾನೆಯಲ್ಲಿ ಕೆಲಸ ಸಿಗಲಿಲ್ಲ. ಲಕ್ಷಾಂತರ ಜನ ವಿಮಾನ ಹತ್ತಿ ನ್ಯೂಯಾರ್ಕಿಗೆ ಬಂದರು. ಪೂರ್ವ ಹಾರ್ಲೆಮ್, ದಕ್ಷಿಣ ಬ್ರಾಂಕ್ಸ್, ಮ್ಯಾನ್‌ಹಟನ್ನಿನ ಲೋವರ್ ಈಸ್ಟ್ ಸೈಡ್, ಬ್ರೂಕ್ಲಿನ್ನಿನ ಕೆಲವು ಬಡಾವಣೆಗಳು ಅವರ ಊರಾದವು. ಅಲ್ಲೆಲ್ಲ ಅವರ ನೆರೆಹೊರೆಯವರು ಆಫ್ರಿಕನ್-ಅಮೆರಿಕನ್ನರು.

ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ರಜೆಯಲ್ಲಿ ದ್ವೀಪಕ್ಕೆ ಹೋದರೆ, ಅವರ ಸ್ಪ್ಯಾನಿಷ್ ಕೇಳಿ ಅಲ್ಲಿಯವರು ನಗುತ್ತಿದ್ದರು. ‘ನ್ಯೂಯಾರ್ಕ್’ ಮತ್ತು ‘ಪೋರ್ಟೊ ರಿಕನ್’ ಎರಡನ್ನೂ ಕೂಡಿಸಿ ‘ನ್ಯೂಯೋರಿಕನ್’ ಎಂದು ಕರೆಯುವುದರಲ್ಲಿ ಒಂದು ತಾತ್ಸಾರ ಇತ್ತು: ಪೂರ್ತಿ ಅಲ್ಲಿಯವರೂ ಅಲ್ಲ, ಪೂರ್ತಿ ಇಲ್ಲಿಯವರೂ ಅಲ್ಲ ಅಂತ. 1970ರ ದಶಕದಲ್ಲಿ ಮಿಗೆಲ್ ಅಲ್ಗರೀನ್, ಮಿಗೆಲ್ ಪಿನ್ಯೇರೊ ಮೊದಲಾದ ಕವಿಗಳು ಆ ಪದವನ್ನು ಎತ್ತಿಕೊಂಡು ತಮ್ಮ ಹೆಸರಾಗಿಸಿಕೊಂಡರು. ಅಲ್ಗರೀನ್ ಅವರ ಮನೆಯಲ್ಲಿ ಶುರುವಾದ ಕವಿಕೂಟ ‘ನ್ಯೂಯೋರಿಕನ್ ಪೊಯೆಟ್ಸ್ ಕೆಫೆ’ ಆಯಿತು. 1975ರಲ್ಲಿ ಇಬ್ಬರೂ ಸೇರಿ ಸಂಪಾದಿಸಿದ ಸಂಕಲನದ ಹೆಸರು ‘ನ್ಯೂಯೋರಿಕನ್ ಪೊಯೆಟ್ರಿ’.

ಈ ಕವಿಗಳಲ್ಲಿ ಟಾಟೊ ಲವಿಯೇರಾ ಅವರ ಒಂದು ಶೀರ್ಷಿಕೆ ನಮ್ಮ ಚರ್ಚೆಗೆ ಬೇಕು. ದ್ವೀಪದ ನಾಟಕಕಾರ ರೆನೆ ಮಾರ್ಕೆಸ್ ‘ಲಾ ಕರ್ರೇಟಾ’, ಅಂದರೆ ‘ಎತ್ತಿನ ಗಾಡಿ’, ಎಂಬ ನಾಟಕ ಬರೆದಿದ್ದರು. ಅದರಲ್ಲಿ ಒಂದು ಕುಟುಂಬ ಗುಡ್ಡದ ಊರಿನಿಂದ ಸಾನ್ ಹುವಾನ್ ಪಟ್ಟಣದ ಕೊಳಚೆ ಪ್ರದೇಶಕ್ಕೆ, ಅಲ್ಲಿಂದ ನ್ಯೂಯಾರ್ಕಿಗೆ ಹೋಗುತ್ತದೆ. ಕೊನೆಗೆ ಪೆಟ್ಟು ತಿಂದು ಮಣ್ಣಿಗೆ ಮರಳುವ ಮಾತಾಡುತ್ತದೆ. 1979ರಲ್ಲಿ ಲವಿಯೇರಾ ತಮ್ಮ ಕವನ ಸಂಕಲನಕ್ಕೆ ‘ಗಾಡಿ ಯೂ-ಟರ್ನ್ ಹೊಡೆಯಿತು’ ಎನ್ನುವ ಅರ್ಥದ ಹೆಸರಿಟ್ಟರು. ಗಾಡಿ ಊರಿಗೆ ಹಿಂದಿರುಗಲಿಲ್ಲ, ನಗರದಲ್ಲೇ ತಿರುಗಿ ನಿಂತಿತು, ನಾವು ಇಲ್ಲಿಯವರು ಅಂತ ಅದರ ಧ್ವನಿ. ಈ ಮಾತನ್ನು ಸಂಗೀತ ಹೇಗೆ ಆಡಿತು ಎನ್ನುವುದು ಮುಂದಿನ ಪ್ರಶ್ನೆ.

2. ಇಬ್ಬರಿಗಿಂತ ಮೊದಲು

ಟೀಟೊ ಪುಯೆಂಟೆ 1923ರಲ್ಲಿ ಹಾರ್ಲೆಮ್‌ನಲ್ಲೇ ಹುಟ್ಟಿದವರು. ಟಿಂಬಾಲೆಸ್ ಎನ್ನುವ ಜೋಡಿ ಚರ್ಮವಾದ್ಯವನ್ನು ವೇದಿಕೆಯ ಮುಂದಕ್ಕೆ ತಂದು ನಿಂತು ನುಡಿಸಿದವರು. ಎಡ್ಡಿ ಪಾಲ್ಮಿಯೇರಿ 1936ರಲ್ಲಿ ನ್ಯೂಯಾರ್ಕಿನಲ್ಲೇ ಹುಟ್ಟಿದ ಪಿಯಾನೊ ವಾದಕ. ಅಂದರೆ ‘ಲ್ಯಾಟಿನ್ ಸಂಗೀತದ ಹಿರಿಯರು’ ಎಂದು ಹೆಸರಾದ ಈ ಇಬ್ಬರೂ ದ್ವೀಪದಿಂದ ಬಂದವರಲ್ಲ. ನಗರವೇ ಅವರ ಹುಟ್ಟೂರು. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ.

1960ರ ದಶಕದ ನಡುವೆ ಈ ಬಡಾವಣೆಗಳ ಹುಡುಗರು ‘ಬೂಗಲೂ’ ಎಂಬ ಶೈಲಿ ಹುಟ್ಟಿಸಿದರು. ಲಯ ಕ್ಯೂಬಾ ಮೂಲದ್ದು, ಹಾಡುವ ಮಾತು ಹೆಚ್ಚಾಗಿ ಇಂಗ್ಲಿಷ್, ಚಪ್ಪಾಳೆ ಮತ್ತು ಕೂಗು ಕಪ್ಪು ಜನರ ಸೋಲ್ ಸಂಗೀತದ್ದು. ಜೋ ಕ್ಯೂಬಾ ಅವರ ‘ಬ್ಯಾಂಗ್ ಬ್ಯಾಂಗ್’ 1966ರಲ್ಲಿ ಬಂತು, ಪೀಟ್ ರೊಡ್ರಿಗೆಸ್ ಅವರ ‘ಐ ಲೈಕ್ ಇಟ್ ಲೈಕ್ ದ್ಯಾಟ್’ 1967ರಲ್ಲಿ. ಈ ಎರಡನೆಯ ಹಾಡನ್ನು 2018ರಲ್ಲಿ ಕಾರ್ಡಿ ಬಿ ಮತ್ತೆ ಬಳಸಿದ್ದರಿಂದ ನಮ್ಮ ಪೀಳಿಗೆಯ ಎಷ್ಟೋ ಜನ ಗೊತ್ತಿಲ್ಲದೆಯೇ ಬೂಗಲೂ ಕೇಳಿದ್ದೇವೆ.

ಆ ಕಾಲದ ಇನ್ನೊಂದು ಹೆಸರು ಜೋ ಬಟಾನ್. ಪೂರ್ವ ಹಾರ್ಲೆಮ್‌ನವರು, ಫಿಲಿಪೀನ್ಸ್ ಮೂಲದ ತಂದೆ, ಆಫ್ರಿಕನ್-ಅಮೆರಿಕನ್ ತಾಯಿ. ಪೋರ್ಟೊ ರಿಕೊದ ರಕ್ತಸಂಬಂಧವೇ ಇಲ್ಲ, ಆದರೂ ಬೀದಿಯ ಸಂಬಂಧದಿಂದ ಲ್ಯಾಟಿನ್ ಗಾಯಕರಾದರು. 1973ರಲ್ಲಿ ಅವರು ತಂದ ಆಲ್ಬಮ್ಮಿನ ಹೆಸರು ‘ಸಾಲ್‌ಸೋಲ್’: ಸಾಲ್ಸಾ ಮತ್ತು ಸೋಲ್ ಎರಡೂ ಸೇರಿದ ಪದ. ಮರುವರ್ಷ, 1974ರಲ್ಲಿ, ಕೇರ್ ಸಹೋದರರು ಅದೇ ಹೆಸರಿನ ರೆಕಾರ್ಡ್ ಕಂಪನಿ ಶುರು ಮಾಡಿದರು. ಅದರ ವಾದ್ಯವೃಂದವನ್ನು ಕಟ್ಟಿದವರು ಫಿಲಡೆಲ್ಫಿಯಾದ ವೈಬ್ರಫೋನ್ ವಾದಕ ವಿನ್ಸೆಂಟ್ ಮೊಂಟಾನಾ. 1976ರಲ್ಲಿ ಡಿಜೆ ವಾಲ್ಟರ್ ಗಿಬನ್ಸ್ ಉದ್ದ ಮಾಡಿಕೊಟ್ಟ ‘ಟೆನ್ ಪರ್ಸೆಂಟ್’ ಹಾಡನ್ನು ಈ ಕಂಪನಿ 12 ಇಂಚಿನ ಸಿಂಗಲ್ ಆಗಿ ಅಂಗಡಿಗೆ ಬಿಟ್ಟಿತು. ಸಾರ್ವಜನಿಕರು ಕೊಂಡುಕೊಳ್ಳಬಹುದಾದ ಮೊದಲ 12 ಇಂಚಿನ ಸಿಂಗಲ್ ಅದೇ ಎಂದು ಹೇಳುತ್ತಾರೆ. ಕುಣಿಯುವವರಿಗಾಗಿ ಹಾಡನ್ನು ಹಿಗ್ಗಿಸುವ ಕಸುಬು, ಅಂದರೆ ರೀಮಿಕ್ಸ್, ಇಲ್ಲಿಂದ ವ್ಯಾಪಾರವಾಯಿತು.

ಪಾಲ್ಮಿಯೇರಿ ಕೂಡ 1971ರಲ್ಲಿ ‘ಹಾರ್ಲೆಮ್ ರಿವರ್ ಡ್ರೈವ್’ ಎಂಬ ತಂಡ ಕಟ್ಟಿ ಲ್ಯಾಟಿನ್ ಮತ್ತು ಸೋಲ್ ವಾದಕರನ್ನು ಒಟ್ಟಿಗೆ ಕೂರಿಸಿದ್ದರು. ಹೀಗಾಗಿ ವೇಗಾ ಮತ್ತು ಗೊನ್ಸಾಲೆಸ್ ರಂಗಕ್ಕೆ ಬರುವ ಹೊತ್ತಿಗೆ ಈ ಸೇರುವೆಗೆ ಹೆಸರು, ಕಂಪನಿ, ಮಾರುಕಟ್ಟೆ ಎಲ್ಲವೂ ಇದ್ದವು. ಮತ್ತೆ ಅದು ಮರೆತೂ ಹೋಗುತ್ತಿತ್ತು.

3. ಡಿಸ್ಕೊದ ಬೂದಿ, ಹೌಸ್‌ನ ಹುಟ್ಟು

ಮರೆತದ್ದು ತಾನಾಗಿ ಅಲ್ಲ. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಪಂದ್ಯಗಳ ನಡುವೆ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಡಿಸ್ಕೊ ಬೆಳೆದದ್ದು ಕಪ್ಪು ಜನರ, ಲ್ಯಾಟಿನೊಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಹಾಗಾಗಿ ಆ ಬೆಂಕಿಯ ಹಿಂದೆ ಸಂಗೀತದ ಅಭಿರುಚಿ ಮಾತ್ರ ಇರಲಿಲ್ಲ ಎಂದು ಚರಿತ್ರಕಾರರು ಬರೆದಿದ್ದಾರೆ. ದೊಡ್ಡ ಕಂಪನಿಗಳು ಡಿಸ್ಕೊದಿಂದ ಹಿಂದೆ ಸರಿದವು. ಕುಣಿಯುವವರು ಸರಿಯಲಿಲ್ಲ.

ಅದೇ ಶಿಕಾಗೋದಲ್ಲಿ ‘ವೇರ್‌ಹೌಸ್’ ಎಂಬ ಕ್ಲಬ್ ಇತ್ತು. ಅಲ್ಲಿ 1977ರಿಂದ ರೆಕಾರ್ಡ್ ಹಾಕುತ್ತಿದ್ದವರು ಫ್ರ್ಯಾಂಕಿ ನಕಲ್ಸ್, ಬ್ರಾಂಕ್ಸ್‌ನಿಂದ ಹೋದವರು. ಸಾಲ್‌ಸೋಲ್ ಕಂಪನಿಯ ಹಳೆಯ ಹಾಡುಗಳಿಗೆ ಡ್ರಮ್ ಯಂತ್ರದ ಪೆಟ್ಟು ಸೇರಿಸಿ ಅವರು ನುಡಿಸಿದ ಬಗೆಗೆ ಕ್ಲಬ್ಬಿನ ಹೆಸರಿನ ಬಾಲವೇ ಅಂಟಿಕೊಂಡು ‘ಹೌಸ್’ ಆಯಿತು ಎನ್ನುತ್ತಾರೆ. ನ್ಯೂಯಾರ್ಕಿನಲ್ಲಿ ಅದೇ ಕಾಲಕ್ಕೆ ‘ಪ್ಯಾರಡೈಸ್ ಗರಾಜ್’ ಎಂಬ ಕ್ಲಬ್ಬಿನಲ್ಲಿ ಲ್ಯಾರಿ ಲೆವಾನ್ ಇದ್ದರು. ಅದು 1987ರಲ್ಲಿ ಮುಚ್ಚಿತು. ಅಂಥ ರಾತ್ರಿಗಳ ನೆನಪು ಹಸಿಯಾಗಿದ್ದ ನಗರದಲ್ಲಿ ನಮ್ಮ ಜೋಡಿ ಭೇಟಿಯಾಗುತ್ತದೆ.

4. ಬ್ರಾಂಕ್ಸ್ ಮತ್ತು ಬ್ರೂಕ್ಲಿನ್

ಲೂಯಿ ವೇಗಾ 1965ರಲ್ಲಿ ಬ್ರಾಂಕ್ಸ್‌ನಲ್ಲಿ ಹುಟ್ಟಿದರು. ತಂದೆ ಸ್ಯಾಕ್ಸೊಫೋನ್ ವಾದಕ. ಸೋದರಮಾವ ಎಕ್ಟೋರ್ ಲವೋ, ಸಾಲ್ಸಾ ಸಂಗೀತದ ಅತಿ ಪ್ರಸಿದ್ಧ ಕಂಠಗಳಲ್ಲಿ ಒಂದು. ಮನೆಯಲ್ಲಿ ಸಾಲ್ಸಾ ಮತ್ತು ಜಾಜ್, ಹೊರಗೆ ಡಿಸ್ಕೊ. 1980ರ ದಶಕದಲ್ಲಿ ವೇಗಾ ಬ್ರಾಂಕ್ಸ್‌ನ ಕ್ಲಬ್ಬುಗಳಲ್ಲಿ ‘ಫ್ರೀಸ್ಟೈಲ್’ ಎಂಬ ಲ್ಯಾಟಿನ್ ಯುವಕರ ಯಂತ್ರಸಂಗೀತದ ಡಿಜೆಯಾಗಿ ಹೆಸರು ಮಾಡಿದರು.

ಕೆನ್ನಿ ಗೊನ್ಸಾಲೆಸ್ ಐದು ವರ್ಷ ಚಿಕ್ಕವರು, 1970ರಲ್ಲಿ ಬ್ರೂಕ್ಲಿನ್ನಿನಲ್ಲಿ ಹುಟ್ಟಿದವರು. ಅವರದ್ದು ಹಿಪ್ ಹಾಪ್ ಕಿವಿ. ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತ ಹಳೆಯ ರೆಕಾರ್ಡುಗಳನ್ನು ಅಗೆದು ನೋಡುವ ಅಭ್ಯಾಸ ಬೆಳೆಯಿತು. ಬಡಾವಣೆಯ ಸಮಾರಂಭಗಳಿಗೆ ಸ್ಪೀಕರ್ ಹೊತ್ತು ಹೋಗುವ ಗೆಳೆಯರ ಗುಂಪಿಗೆ ಅವರು ಇಟ್ಟುಕೊಂಡಿದ್ದ ಹೆಸರೇ ‘ಮಾಸ್ಟರ್ಸ್ ಅಟ್ ವರ್ಕ್’. ಈ ಹೆಸರನ್ನು ಗೆಳೆಯ ಟಾಡ್ ಟೆರ್ರಿ 1980ರ ದಶಕದ ಕೊನೆಯಲ್ಲಿ ತಮ್ಮ ರೆಕಾರ್ಡುಗಳಿಗೆ ಎರವಲು ಪಡೆದರು, ಆಮೇಲೆ ಅದು ಮರಳಿ ಬಂತು. ವೇಗಾ ಮತ್ತು ಗೊನ್ಸಾಲೆಸ್ ಅವರನ್ನು 1990ರ ಹೊತ್ತಿಗೆ ಪರಸ್ಪರ ಪರಿಚಯಿಸಿದವರೂ ಟಾಡ್ ಟೆರ್ರಿಯೇ. ಸ್ಥೂಲವಾಗಿ ಹೇಳುವುದಾದರೆ ಗೊನ್ಸಾಲೆಸ್ ಲಯ ಕಟ್ಟುತ್ತಿದ್ದರು, ವೇಗಾ ಸ್ವರ ಮತ್ತು ಹಾಡಿನ ವಿನ್ಯಾಸ ನೋಡುತ್ತಿದ್ದರು.

1991ರಲ್ಲಿ ವೇಗಾ ಒಬ್ಬ ಯುವ ಗಾಯಕನ ಜೊತೆ ‘ವೆನ್ ದ ನೈಟ್ ಇಸ್ ಓವರ್’ ಆಲ್ಬಮ್ ತಂದರು. ಆ ಗಾಯಕ ಮಾರ್ಕ್ ಆಂಟನಿ. ಮುಂದೆ ಸಾಲ್ಸಾದ ದೊಡ್ಡ ತಾರೆಯಾದ ಇವರೇ, ವೇಗಾ ಅವರ ಸೋದರಮಾವ ಲವೋ ಜೀವನದ ಚಲನಚಿತ್ರದಲ್ಲಿ ಲವೋ ಪಾತ್ರ ಮಾಡಿದರು. ಗಾಯಕಿ ಲಾ ಇಂಡಿಯಾ ಕೂಡ ಹೀಗೆಯೇ. ಪೋರ್ಟೊ ರಿಕೊದಲ್ಲಿ ಹುಟ್ಟಿ ಬ್ರಾಂಕ್ಸ್‌ನಲ್ಲಿ ಬೆಳೆದು, ಇಂಗ್ಲಿಷ್ ನೃತ್ಯಗೀತೆಗಳಿಂದ ಶುರು ಮಾಡಿ, 1992ರಲ್ಲಿ ಪಾಲ್ಮಿಯೇರಿ ಜೊತೆ ಸ್ಪ್ಯಾನಿಷ್ ಸಾಲ್ಸಾಕ್ಕೆ ಬಂದವರು. ಅವರು ಆಗ ವೇಗಾ ಅವರ ಪತ್ನಿ. ಈ ವಿವರ ಯಾಕೆ ಬೇಕು ಅಂದರೆ, ಇಲ್ಲಿ ಹೌಸ್‌ನಿಂದ ಸಾಲ್ಸಾಕ್ಕೆ ಹೋದ ದಾರಿ ಉಂಟು. ‘ಮೂಲದಿಂದ ಆಧುನಿಕಕ್ಕೆ’ ಎನ್ನುವ ನಮ್ಮ ರೂಢಿಯ ನಕ್ಷೆಯಲ್ಲಿ ಆ ದಾರಿ ಕಾಣುವುದಿಲ್ಲ. ಕ್ಲಬ್ಬಿನ ಮೂಲಕವೇ ಈ ಮಕ್ಕಳು ಅಪ್ಪ ಅಮ್ಮನ ಭಾಷೆಗೆ ಹತ್ತಿರವಾದರು.

5. ತಾಳದ ಲೆಕ್ಕ

‘ಲ್ಯಾಟಿನ್ ಪ್ರಭಾವ’ ಎನ್ನುವುದು ಕಿವಿಗೆ ಎಲ್ಲಿ ಸಿಗುತ್ತದೆ? ಸ್ವಲ್ಪ ಲೆಕ್ಕ ಮಾಡೋಣ, ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ನೋಡಬಹುದು. ಒಂದು ಆವರ್ತವನ್ನು 16 ಮಾತ್ರೆ ಅಂತ ಇಟ್ಟುಕೊಳ್ಳಿ. ಹೌಸ್‌ನ ದೊಡ್ಡ ಡ್ರಮ್ 1, 5, 9, 13ನೇ ಮಾತ್ರೆಗಳಲ್ಲಿ ಬೀಳುತ್ತದೆ. ನಾಲ್ಕು ನಾಲ್ಕರ ನೆಟ್ಟಗಿನ ಹೆಜ್ಜೆ, ಯಾರು ಬೇಕಾದರೂ ಕಾಲು ಹಾಕಬಹುದು.

ಕ್ಯೂಬಾದಿಂದ ಬಂದು ಸಾಲ್ಸಾದ ಬೆನ್ನೆಲುಬಾದ ಲಯಕ್ಕೆ ‘ಕ್ಲಾವೆ’ ಅಂತ ಹೆಸರು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ‘ಕೀಲಿ’ ಎನ್ನುವ ಅರ್ಥವೂ ಉಂಟು. ಅದರ ಒಂದು ರೂಪದಲ್ಲಿ ಐದು ಪೆಟ್ಟುಗಳು 1, 4, 7, 11, 13ನೇ ಮಾತ್ರೆಗಳಲ್ಲಿ ಬರುತ್ತವೆ. ನಡುವಿನ ಅಂತರ 3, 3, 4, 2, 4. ಒಟ್ಟು 16.

ಈಗ ಎರಡನ್ನೂ ಒಟ್ಟಿಗೆ ಹಿಡಿಯಿರಿ. ಕೂಡುವುದು ಎರಡೇ ಕಡೆ, 1ರಲ್ಲಿ ಮತ್ತು 13ರಲ್ಲಿ. ಉಳಿದ ಮೂರು ಪೆಟ್ಟುಗಳು ನೆಟ್ಟಗಿನ ಹೆಜ್ಜೆಯ ಸಂದಿಯಲ್ಲಿ ಬೀಳುತ್ತವೆ. ಕಾಲು ನೇರ ನಡೆಯುತ್ತದೆ, ಸೊಂಟ ಓರೆ ತಿರುಗುತ್ತದೆ. ಚೆಂಡೆ ಮದ್ದಳೆ ಕೇಳಿ ಬೆಳೆದವರಿಗೆ ಈ ಎಳೆದಾಟದ ರುಚಿ ಹೊಸತೇನಲ್ಲ. ಮಾಸ್ಟರ್ಸ್ ಅಟ್ ವರ್ಕ್ ಅವರ ಹಾಡುಗಳಲ್ಲಿ ಕ್ಲಾವೆ ಎಷ್ಟೋ ಸಲ ಎದ್ದು ಕೇಳುವುದಿಲ್ಲ. ಕೊಂಗಾ, ಪಿಯಾನೊ, ಬೇಸ್ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನುಡಿಯುತ್ತವೆ. ಮಾತಿನಲ್ಲಿ ವ್ಯಾಕರಣ ಇರುವ ಹಾಗೆ.

‘ನ್ಯೂಯೋರಿಕನ್ ಸೋಲ್’ ಎಂಬ ಹೆಸರಿನಲ್ಲಿ 1993ರಲ್ಲಿ ಬಂದ ‘ದ ನರ್ವಸ್ ಟ್ರ್ಯಾಕ್’ ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಹೌಸ್‌ನ ನೆಟ್ಟಗಿನ ಹೆಜ್ಜೆಯನ್ನೇ ಮುರಿದು ಡ್ರಮ್ ಹೆಣೆದಿದ್ದಾರೆ.

6. ತುಣುಕಿನಿಂದ ಆಹ್ವಾನಕ್ಕೆ

ನನ್ನ ಪ್ರಬಂಧದ ಮುಖ್ಯ ಭಾಗ ಇದು. ಆ ಕಾಲದ ನ್ಯೂಯಾರ್ಕ್ ನಿರ್ಮಾಪಕರು ನಂಬಿದ ಯಂತ್ರ ‘ಎಸ್‌ಪಿ-1200’, 1987ರದ್ದು. ಗೊನ್ಸಾಲೆಸ್ ಅವರ ಕೈಯಲ್ಲೂ ಅದೇ. ಅದರ ಒಟ್ಟು ಜ್ಞಾಪಕಶಕ್ತಿ ಸುಮಾರು 10 ಸೆಕೆಂಡಿನ ಧ್ವನಿ ಮಾತ್ರ. ಅಷ್ಟರೊಳಗೆ ಹಾಡು ಕಟ್ಟಬೇಕು. ಆದ್ದರಿಂದ ಹಳೆಯ ರೆಕಾರ್ಡಿನಿಂದ ಒಂದು ಉಸಿರು, ಒಂದು ಪೆಟ್ಟು, ಒಂದು ಕೂಗು ಕತ್ತರಿಸಿ ತಿರುಗಿಸುವುದು ಕಸುಬಾಯಿತು. ಇದನ್ನೇ ಸ್ಯಾಂಪಲ್ ಅನ್ನೋದು.

ಈ ಕಸುಬಿನಲ್ಲಿ ಇಬ್ಬರೂ ನಿಪುಣರು. 1991ರ ‘ದ ಹಾ ಡಾನ್ಸ್’ ಒಂದು ಹಾಸ್ಯಚಿತ್ರದ ಕೂಗಿನ ತುಣುಕಿನಿಂದ ಕಟ್ಟಿದ್ದು. ಹಾರ್ಲೆಮ್‌ನ ‘ಬಾಲ್’ಗಳಲ್ಲಿ, ಅಂದರೆ ಕಪ್ಪು ಮತ್ತು ಲ್ಯಾಟಿನೊ ಲಿಂಗತ್ವ ಅಲ್ಪಸಂಖ್ಯಾತರ ನೃತ್ಯಸ್ಪರ್ಧೆಗಳಲ್ಲಿ, ‘ವೋಗ್’ ಕುಣಿಯುವವರು ಅದನ್ನು ತಮ್ಮದಾಗಿ ಮಾಡಿಕೊಂಡರು. ಇವತ್ತಿಗೂ ಆ ಸ್ಪರ್ಧೆಗಳ ಸಂಗೀತದಲ್ಲಿ ಅದರ ಪೆಟ್ಟು ಕೇಳುತ್ತದೆ. 1995ರಲ್ಲಿ ಗೊನ್ಸಾಲೆಸ್ ಒಬ್ಬರೇ ‘ದ ಬಕೆಟ್‌ಹೆಡ್ಸ್’ ಹೆಸರಿನಲ್ಲಿ ತಂದ ‘ದ ಬಾಂಬ್’ ಹಾಡು, ಶಿಕಾಗೋ ತಂಡದ 1979ರ ‘ಸ್ಟ್ರೀಟ್ ಪ್ಲೇಯರ್’ ಹಾಡಿನ ತುಣುಕಿನ ಮೇಲೆ ನಿಂತಿದೆ.

ಆದ್ರೆ ತುಣುಕಿಗೆ ಒಂದು ನೈತಿಕ ಪ್ರಶ್ನೆ ಅಂಟಿಕೊಂಡಿದೆ: ಕತ್ತರಿಸಿದ ಕಂಠ ಯಾರದ್ದು? ಪ್ರಸಿದ್ಧ ಉದಾಹರಣೆ ಗಾಯಕಿ ಲೊಲಿಯಾಟಾ ಹಾಲೊವೇ. ಸಾಲ್‌ಸೋಲ್ ಕಂಪನಿಗೆ 1980ರಲ್ಲಿ ಹಾಡಿದ ‘ಲವ್ ಸೆನ್ಸೇಶನ್’ ಹಾಡಿನ ಅವರ ಕಂಠವನ್ನು 1989ರಲ್ಲಿ ಇಟಲಿಯ ‘ಬ್ಲ್ಯಾಕ್ ಬಾಕ್ಸ್’ ತಂಡ ‘ರೈಡ್ ಆನ್ ಟೈಮ್’ಗೆ ಬಳಸಿತು. ಹಾಡು ಯುರೋಪಿನಲ್ಲಿ ಗೆದ್ದಿತು. ಹಾಲೊವೇ ಅವರ ಹೆಸರಿರಲಿಲ್ಲ. ಪರದೆಯ ಮೇಲೆ ತುಟಿ ಆಡಿಸಿದವರು ಬೇರೊಬ್ಬ ರೂಪದರ್ಶಿ. ಕೊನೆಗೆ ವಕೀಲರ ಮೂಲಕ ಇತ್ಯರ್ಥವಾಗಬೇಕಾಯಿತು. ಜನಪದ ಗಾಯಕಿಯ ಕಂಠ ಸಂಗ್ರಹದಲ್ಲಿ ಉಳಿದು ಹೆಸರು ಅಳಿದು ಹೋಗುವುದನ್ನು ನಾವು ನಮ್ಮ ಕ್ಷೇತ್ರಕಾರ್ಯದಲ್ಲೂ ನೋಡಿದ್ದೇವೆ ಅಲ್ಲವಾ? ಪ್ರಶ್ನೆ ಅದೇ.

ಈ ಹಿನ್ನೆಲೆಯಲ್ಲಿ 1994ರ ‘ಲವ್ ಆಂಡ್ ಹ್ಯಾಪಿನೆಸ್’ ನೋಡಿ. ‘ರಿವರ್ ಓಶನ್’ ಎಂಬ ಹೆಸರಿನಲ್ಲಿ ಬಂದ ರೆಕಾರ್ಡು. ಆವರಣದಲ್ಲಿ ಇನ್ನೊಂದು ಶೀರ್ಷಿಕೆ: ಯೆಮಾಯಾ ಮತ್ತು ಓಚುನ್. ಇವರಿಬ್ಬರೂ ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೇವತೆಗಳು. ಗುಲಾಮರ ಹಡಗಿನಲ್ಲಿ ಬಂದವರ ಜೊತೆ ಕ್ಯೂಬಾಕ್ಕೆ ಬಂದು, ಸಾಂತೆರಿಯಾ ಎಂಬ ಪಂಥದಲ್ಲಿ ಉಳಿದು, ಅಲ್ಲಿಂದ ನ್ಯೂಯಾರ್ಕಿಗೆ ತಲುಪಿದವರು. ಯೆಮಾಯಾ ಸಮುದ್ರ, ಓಚುನ್ ನದಿ. ತಂಡದ ಹೆಸರಿನ ಅರ್ಥ ಈಗ ತಿಳಿಯಿತು. ಹಾಡಿದವರು ಲಾ ಇಂಡಿಯಾ. ಟಿಂಬಾಲೆಸ್ ನುಡಿಸಿದವರು ಟೀಟೊ ಪುಯೆಂಟೆ. ಅವರ ಹಳೆಯ ರೆಕಾರ್ಡಿನ ಎರಡು ಸೆಕೆಂಡು ಕತ್ತರಿಸಿದ್ದರೂ ಕೆಲಸ ಆಗುತ್ತಿತ್ತು. ಎಪ್ಪತ್ತು ದಾಟಿದ ಹಿರಿಯರನ್ನೇ ಕರೆದರು.

1997ರಲ್ಲಿ ಬಂದ ‘ನ್ಯೂಯೋರಿಕನ್ ಸೋಲ್’ ಆಲ್ಬಮ್ ಈ ಆಹ್ವಾನದ ದೊಡ್ಡ ರೂಪ. ಬ್ರಿಟನ್ನಿನಲ್ಲಿ ಇದನ್ನು ತಂದದ್ದು ಜೈಲ್ಸ್ ಪೀಟರ್ಸನ್ ಅವರ ‘ಟಾಕಿನ್ ಲೌಡ್’. ನುಡಿಸಿದವರ ಪಟ್ಟಿ ಓದಿದರೆ ನಾನು ಎರಡನೇ ಭಾಗದಲ್ಲಿ ಹೇಳಿದ ಚರಿತ್ರೆಯೇ ಹಾಜರಿ ಕೊಟ್ಟಂತೆ ಉಂಟು. ಪುಯೆಂಟೆ ಇದ್ದಾರೆ, ಪಾಲ್ಮಿಯೇರಿ ಇದ್ದಾರೆ. ವೈಬ್ರಫೋನ್‌ಗೆ ರಾಯ್ ಏಯರ್ಸ್, ಗಿಟಾರಿಗೆ ಜಾರ್ಜ್ ಬೆನ್ಸನ್, ಕೊಳಲಿಗೆ ಬ್ರಾಂಕ್ಸ್‌ನ ಡೇವ್ ವ್ಯಾಲೆಂಟಿನ್, ಹಾಡಲು ಜೊಸಲಿನ್ ಬ್ರೌನ್ ಮತ್ತು ಲಾ ಇಂಡಿಯಾ. ಸಾಲ್‌ಸೋಲ್ ವಾದ್ಯವೃಂದ ಕಟ್ಟಿದ ವಿನ್ಸೆಂಟ್ ಮೊಂಟಾನಾ ಕೂಡ ಇದ್ದಾರೆ.

ಇದರಲ್ಲಿ ಎರಡು ಹಾಡು ಆರಿಸಿಕೊಳ್ತೇನೆ. ಮೊದಲನೆಯದು ‘ರನ್‌ಅವೇ’. 1977ರಲ್ಲಿ ಸಾಲ್‌ಸೋಲ್ ವಾದ್ಯವೃಂದದ ಜೊತೆ ಇದನ್ನು ಹಾಡಿದವರು ಅದೇ ಲೊಲಿಯಾಟಾ ಹಾಲೊವೇ. 20 ವರ್ಷದ ನಂತರ ಲಾ ಇಂಡಿಯಾ ಅದನ್ನು ಪೂರ್ತಿಯಾಗಿ ಮತ್ತೆ ಹಾಡಿದರು. ಕಪ್ಪು ಗಾಯಕಿಯ ಹಾಡನ್ನು ನ್ಯೂಯೋರಿಕನ್ ಗಾಯಕಿ ತುಣುಕು ಮಾಡದೆ, ಇದು ಇಂಥವರ ಹಾಡು ಎಂದು ಗೊತ್ತಾಗುವಂತೆ ಹಾಡಿದ್ದು. ಎರಡನೆಯದು ‘ಐ ಆಮ್ ದ ಬ್ಲ್ಯಾಕ್ ಗೋಲ್ಡ್ ಆಫ್ ದ ಸನ್’. ಶಿಕಾಗೋದ ರೋಟರಿ ಕನೆಕ್ಷನ್ ತಂಡ 1971ರಲ್ಲಿ ಮಾಡಿದ್ದು. ಕಪ್ಪು ಅಸ್ಮಿತೆಯ ಹೆಮ್ಮೆಯ ಆ ಹಾಡನ್ನು ‘ನ್ಯೂಯೋರಿಕನ್’ ಎಂಬ ಹೆಸರಿನ ಆಲ್ಬಮ್ಮಿಗೆ ಸೇರಿಸಿ, ಹಾಡಲು ಜೊಸಲಿನ್ ಬ್ರೌನ್ ಅವರನ್ನು ಕರೆದರು. ಪೋರ್ಟೊ ರಿಕೊದವರ ಆಫ್ರಿಕನ್ ಬೇರನ್ನು ಮರೆಮಾಡುವ ಪ್ರವೃತ್ತಿ ಅವರ ಸಮಾಜದಲ್ಲೇ ಇದ್ದಾಗ, ಈ ಆಯ್ಕೆಗೆ ತೂಕ ಉಂಟು.

ಲವಿಯೇರಾ ಅವರ ಗಾಡಿಯನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಈ ಆಲ್ಬಮ್ ಕೂಡ ದ್ವೀಪಕ್ಕೆ ಮರಳುವ ಹಂಬಲದ್ದಲ್ಲ. ಅದು ಹುಡುಕುವ ಬೇರುಗಳು ಬ್ರಾಂಕ್ಸ್, ಹಾರ್ಲೆಮ್, ಫಿಲಡೆಲ್ಫಿಯಾ, ಶಿಕಾಗೋಗಳಲ್ಲೇ ಇವೆ.

7. ಚರ್ಚೆ

(ಪ್ರಬಂಧ ಮಂಡನೆಯ ನಂತರ ನಡೆದ ಸಂವಾದದ ಮುಖ್ಯ ಭಾಗ.)

ಒಬ್ಬ ಸಹಪಾಠಿಯ ಪ್ರಶ್ನೆ: ನೀನು ಇದನ್ನು ‘ಚರಿತ್ರೆ ಬರೆಯುವ ಬಗೆ’ ಅಂತ ಹೇಳಿದೆ. ಆದರೆ ಅದು ಮಾರಲಿಕ್ಕೆ ಮಾಡಿದ ರೆಕಾರ್ಡು ತಾನೆ? ಹಳೆಯ ಹೆಸರುಗಳಿದ್ದರೆ ಹೆಚ್ಚು ಮಾರಾಟ ಆಗ್ತದೆ ಅಂತ ಕಂಪನಿಗೂ ಗೊತ್ತಿತ್ತಲ್ಲ?

ಖಂಡಿತ ಗೊತ್ತಿತ್ತು. ಸಾಲ್‌ಸೋಲ್ ಕೂಡ ಕಂಪನಿಯೇ. ಈ ಸಂಗೀತದಲ್ಲಿ ಮಾರುಕಟ್ಟೆಯ ಹೊರಗಿನ ಘಟ್ಟವೊಂದು ನನಗೆ ಸಿಕ್ಕಿಲ್ಲ. ಜೊತೆಗೆ, ತುಣುಕು ತೆಗೆಯುವುದು ಅನ್ಯಾಯ, ಕರೆಯುವುದು ನ್ಯಾಯ ಅಂತ ಸರಳ ಮಾಡಬಾರದು. ಗೊನ್ಸಾಲೆಸ್ ಎರಡನ್ನೂ ಮಾಡಿದ್ದಾರೆ, ‘ದ ಹಾ ಡಾನ್ಸ್’ ತುಣುಕಿಲ್ಲದೆ ಇರಲಿಕ್ಕೇ ಸಾಧ್ಯವಿಲ್ಲ. ತುಣುಕು ಕೂಡ ಒಂದು ನೆನಪು. ಆದರೆ ತುಣುಕು ಕೇಳಿದವನಿಗೆ ಅದರ ಹಿಂದಿನ ಮನುಷ್ಯ ಸಿಗಬೇಕಾದರೆ ಅವನೇ ಹುಡುಕಬೇಕು. 1997ರ ಆಲ್ಬಮ್ಮಿನಲ್ಲಿ ಹೊದಿಕೆಯ ಮೇಲೆಯೇ ಹೆಸರುಂಟು. ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಆ ಹೊದಿಕೆ ಒಂದು ಆಕರ. ಯಾರು ನುಡಿಸಿದರು, ಯಾವ ವರ್ಷ, ಯಾವ ಕಂಪನಿ: ಶಾಸನದ ಪಾಠ ಓದುವ ಹಾಗೆ ಅದನ್ನು ಓದಬಹುದು.

ಒಬ್ಬ ಅಧ್ಯಾಪಕರ ಪ್ರಶ್ನೆ: ನಮ್ಮ ಗಡಿನಾಡ ಕನ್ನಡಿಗರಿಗೂ ಇವರಿಗೂ ಹೋಲಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ಸರ್, ಅರ್ಧಕ್ಕೆ ನಿಲ್ಲುತ್ತದೆ ಅಂತ ನನ್ನ ಅಭಿಪ್ರಾಯ. ನಾನು ಕಾಸರಗೋಡಿನ ಕಡೆಯವಳು. ನಮ್ಮ ಅಜ್ಜ ಅಜ್ಜಿ ಎಲ್ಲಿಗೂ ವಲಸೆ ಹೋಗಲಿಲ್ಲ. ಮೊದಲು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಊರು 1956ರಲ್ಲಿ ಕೇರಳಕ್ಕೆ ಸೇರಿತು. ನಮ್ಮ ಮೇಲೆ ಗಡಿ ಬಂತು. ಹಾಗಾಗಿ ಬ್ರಾಂಕ್ಸ್‌ನ ಮಗುವಿನ ಬದುಕಿಗೆ ನಮ್ಮದನ್ನು ಹಾಗೇ ಹೋಲಿಸಿದರೆ ಅವರ ಬಡತನಕ್ಕೂ, ಜನಾಂಗಭೇದದ ನೋವಿಗೂ ಅನ್ಯಾಯ ಆಗುತ್ತದೆ. ಹತ್ತಿರ ಬರುವುದು 1898, ಜನ ಇದ್ದಲ್ಲೇ ಇದ್ದು ಬಾವುಟ ಬದಲಾದ ಆ ಕ್ಷಣ ಮಾತ್ರ.

ಇನ್ನರ್ಧ ಭಾಷೆಯ ಪ್ರಶ್ನೆ. ‘ನಿಮ್ಮ ಕನ್ನಡದಲ್ಲಿ ಮಲಯಾಳ ಉಂಟಲ್ಲ, ತುಳು ಉಂಟಲ್ಲ’ ಅಂತ ಗಡಿಯ ಈಚೆಗೆ ಓದಲು ಬಂದ ನಮ್ಮಲ್ಲಿ ಅನೇಕರು ಕೇಳಿಸಿಕೊಂಡಿದ್ದೇವೆ. ಹೊಸೂರಿನವರು ತಮಿಳಿನ ಹೆಸರಲ್ಲಿ, ಸೊಲ್ಲಾಪುರದವರು ಮರಾಠಿಯ ಹೆಸರಲ್ಲಿ ಇದೇ ಮಾತು ಕೇಳಿರಬಹುದು. ಆಗ ನಾವು ಮಾಡುವುದು ಎರಡರಲ್ಲಿ ಒಂದು. ಒಂದೋ ಪುಸ್ತಕದ ಕನ್ನಡ ಮಾತಾಡಿ ಉಳಿದದ್ದನ್ನು ಮುಚ್ಚಿಡುತ್ತೇವೆ, ಇಲ್ಲವೇ ನಮ್ಮದೇ ‘ಮೂಲ’ ಕನ್ನಡ ಅಂತ ಸಾಧಿಸಲು ಹೊರಡುತ್ತೇವೆ. ನ್ಯೂಯೋರಿಕನ್ ಕವಿಗಳು ಮತ್ತು ಈ ಇಬ್ಬರು ನಿರ್ಮಾಪಕರು ಮೂರನೆಯ ದಾರಿ ತೋರಿಸಿದರು. ನಮ್ಮ ಬೀದಿಯಲ್ಲಿ ಯಾರೆಲ್ಲ ಇದ್ದರೋ ಅವರೆಲ್ಲರನ್ನೂ ಹೆಸರು ಹಿಡಿದು ಕರೆಯುವ ದಾರಿ. ನಮ್ಮ ಕಡೆಯ ಕನ್ನಡದ ಚರಿತ್ರೆ ಬರೆಯುವಾಗ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುತ್ತಲೇ ಕನ್ನಡ ಶಾಲೆಗೆ ಬಂದವರನ್ನು ‘ಪ್ರಭಾವ’ ಎನ್ನುವ ಅಧ್ಯಾಯಕ್ಕೆ ತಳ್ಳುತ್ತೇವೆಯೋ, ಆ ಕನ್ನಡವನ್ನು ಕಟ್ಟಿದವರು ಅಂತ ಮೊದಲ ಅಧ್ಯಾಯದಲ್ಲೇ ಬರೆಯುತ್ತೇವೆಯೋ? ನನ್ನ ಪ್ರಬಂಧ ಕೊನೆಗೆ ಕೇಳುವುದು ಇದನ್ನೇ.

ಅದೇ ಅಧ್ಯಾಪಕರ ಮರುಪ್ರಶ್ನೆ: ಈಗ ಆ ಇಬ್ಬರು ಏನು ಮಾಡುತ್ತಿದ್ದಾರೆ?

1997ರ ನಂತರ ಅವರು ಆಫ್ರಿಕಾದ ಕಡೆಗೂ ತಿರುಗಿದರು ಸರ್. ನೈಜೀರಿಯಾದ ಫೆಲಾ ಕುಟಿ ಅವರಿಗೆ ಗೌರವವಾಗಿ ಒಂದು ದೀರ್ಘ ಹಾಡು ಮಾಡಿದರು. ಯೊರುಬಾ ದೇವತೆಗಳ ಹೆಸರು ಹಿಡಿದು ಹೋದವರು ಯೊರುಬಾ ನಾಡಿನ ಸಂಗೀತಗಾರನ ಬಳಿಗೆ ಬಂದಂತಾಯಿತು. ಮುಂದೆ ವೇಗಾ ‘ಎಲಿಮೆಂಟ್ಸ್ ಆಫ್ ಲೈಫ್’ ಎಂಬ ವಾದ್ಯವೃಂದ ಕಟ್ಟಿದರು, ಗೊನ್ಸಾಲೆಸ್ ತಮ್ಮ ಸ್ವಂತ ರೆಕಾರ್ಡ್ ಕಂಪನಿ ನಡೆಸಿದರು, ಜೋಡಿಯಾಗಿಯೂ ನುಡಿಸುತ್ತ ಬಂದಿದ್ದಾರೆ. ವೇಗಾ 1993ರಲ್ಲಿ ‘ಹಾರ್ಡ್‌ರೈವ್’ ಹೆಸರಿನಲ್ಲಿ ತಂದ ‘ಡೀಪ್ ಇನ್‌ಸೈಡ್’ ಹಾಡು, ಗಾಯಕಿ ಬಾರ್ಬರಾ ಟಕ್ಕರ್ ಅವರ ಕಂಠದ ತುಣುಕಿನಿಂದ ಕಟ್ಟಿದ್ದು. 2016ರಲ್ಲಿ ಕಾನ್ಯೆ ವೆಸ್ಟ್ ತಮ್ಮ ‘ಫೇಡ್’ ಹಾಡಿಗೆ ಅದರ ತುಣುಕು ತೆಗೆದುಕೊಂಡರು. ಹೀಗೆ ಕತ್ತರಿಸಿದವರೂ ಕತ್ತರಿಸಲ್ಪಟ್ಟರು. ಬಾರ್ಬರಾ ಟಕ್ಕರ್ ಅವರ ಹೆಸರನ್ನು ‘ಫೇಡ್’ ಕೇಳಿದವರಲ್ಲಿ ಎಷ್ಟು ಜನ ಹುಡುಕಿದರು ಅಂತ ಕೇಳಿಕೊಂಡರೆ, ಈ ಚರಿತ್ರೆಯ ಕೆಲಸ ಇನ್ನೂ ಉಳಿದಿದೆ ಅಂತ ಗೊತ್ತಾಗುತ್ತದೆ.

ಸಮಯ ಆಯ್ತು ಅಂತ ಅಧ್ಯಕ್ಷರು ಸೂಚನೆ ಕೊಡ್ತಾ ಇದ್ದಾರೆ.